ಒಂದು ಮಂದೆ ಅಂತ ಬರ್ಕೋ

ತಾತನ ಎಡಗೈಯ ಹೆಬ್ಬೆರಳು ಮತ್ತು ತೋರುಬೆರಳ ನಡುವೆ ಯಾವಾಗಲೂ ಒಂದು ಕುರಿಯ ಕಿವಿ ಇರುತ್ತಿತ್ತು. ಮಾತಾಡುವಾಗಲೂ ಬಿಡುತ್ತಿರಲಿಲ್ಲ. ಪಕ್ಕದಲ್ಲಿ ಯಾವ ಕುರಿ ಸಿಕ್ಕಿದರೆ ಅದರ ಕಿವಿ ಹಿಡಿದು, ಅಂಗಡಿಯಲ್ಲಿ ಸೀರೆಯ ಸೆರಗು ಉಜ್ಜಿ ನೋಡುತ್ತಾರಲ್ಲ ಹಾಗೆ, ಮೆಲ್ಲಗೆ ಉಜ್ಜುತ್ತಿದ್ದರು. ತಣ್ಣಗಿದ್ದರೆ ಬಿಟ್ಟು ಇನ್ನೊಂದರ ಕಿವಿಗೆ ಕೈ ಹೋಗುತ್ತಿತ್ತು. ಬಿಸಿಯಿದ್ದರೆ ಮಾತು ಅರ್ಧಕ್ಕೇ ನಿಲ್ಲುತ್ತಿತ್ತು. ನನ್ನ ಚೀಲದಲ್ಲಿ ಥರ್ಮಾಮೀಟರ್ ಇತ್ತು. ಅವರ ಬೆರಳೂ ನನ್ನ ಥರ್ಮಾಮೀಟರೂ ಎಷ್ಟು ಸಲ ಒಂದೇ ಮಾತು ಹೇಳಿದವು ಎಂದು ಮೊದಲ ತಿಂಗಳು ಬರೆದಿಟ್ಟಿದ್ದೇನೆ: ಹತ್ತೊಂಬತ್ತರಲ್ಲಿ ಹದಿನೇಳು. ಉಳಿದ ಎರಡರಲ್ಲಿ ಯಾರು ಸರಿ ಎಂದು ಇವತ್ತಿಗೂ ತಿಳಿಯದು. ಆ ಥರ್ಮಾಮೀಟರ್ ಕೆಟ್ಟಿದೆ ಎಂದು ಆಮೇಲೆ ಗೊತ್ತಾಯಿತು. ಯಾವತ್ತಿನಿಂದ ಕೆಟ್ಟಿತ್ತು ಎಂದು ಗೊತ್ತಾಗಲಿಲ್ಲ.

ನಾನು ಹಿಂದೂಪುರದವಳು. ಪಶುಪಾಲನೆಯ ಡಿಪ್ಲೊಮಾ ಮುಗಿಸಿ ಸಹಾಯಕಿಯ ಕೆಲಸಕ್ಕೆ ಸೇರಿದಾಗ ನನ್ನನ್ನು ಹಾಕಿದ್ದು ಕುಂದುರ್ಪಿ ಕಡೆಯ ಒಂದು ಹಳ್ಳಿಗೆ. ವಾರವೆಲ್ಲ ಕಲ್ಯಾಣದುರ್ಗದ ಬಾಡಿಗೆ ರೂಮು, ಶನಿವಾರ ಸಂಜೆ ಹಿಂದೂಪುರದ ಬಸ್ಸು. ಹೈಸ್ಕೂಲಿನಿಂದಲೂ ದಿನಚರಿ ಬರೆಯುವ ಅಭ್ಯಾಸ ನನ್ನದು. ಎಷ್ಟು ಕುರಿ ನೋಡಿದೆ, ಎಷ್ಟಕ್ಕೆ ಔಷಧಿ ಕುಡಿಸಿದೆ, ಬಸ್ಸು ಎಷ್ಟು ತಡ, ಎಲ್ಲವೂ ಗೀಟು ಎಳೆದ ಪುಟದಲ್ಲಿ ಇರಬೇಕು. ಇಲ್ಲದಿದ್ದರೆ ಆ ದಿನ ನಡೆದೇ ಇಲ್ಲವೇನೋ ಅನ್ನಿಸುತ್ತದೆ.

ತಾತ ಆ ಊರಿನ ಕುರಿಗಾರ. ನಾನು ಹೋದ ಮೊದಲ ದಿನವೇ ನನ್ನ ಚೀಲ, ಫೋನು, ಕೊರಳಿನ ಗುರುತಿನ ಚೀಟಿ ಮೂರನ್ನೂ ನೋಡಿ, "ಓದಿರೋ ಹುಡುಗಿ ಬಂದವ್ಳೆ. ನಂಗೆ ಕೇಳಾಕೆ ಬೇಜಾನ್ ಐತೆ" ಅಂದಿದ್ದರು.

ಕೇಳಿದರು. ಎಷ್ಟು ಕೇಳಿದರೆಂದರೆ ದಿನಚರಿಯ ಕೊನೆಯ ಪುಟಗಳಲ್ಲಿ ಅವರ ಪ್ರಶ್ನೆಗಳಿಗೆಂದೇ ಮೂರು ಕಾಲಂ ಎಳೆದೆ. ಮೊದಲನೆಯದು ನಾನು ಉತ್ತರ ಹೇಳಿದವು. ಎರಡನೆಯದು ನನಗೆ ತಿಳಿಯದವು. ಮೂರನೆಯದು, ನಾನು ಹೇಳಿದ ಮೇಲೂ ನಾನು ಸರಿಯೋ ಅವರು ಸರಿಯೋ ಗೊತ್ತಾಗದವು. ಒಂದೂವರೆ ವರ್ಷದಲ್ಲಿ ಮೂರನೆಯದೇ ಎಲ್ಲಕ್ಕಿಂತ ಉದ್ದವಾಯಿತು.

ಕಂಬದೂರು ಕಡೆಯ ಗುಡ್ಡಗಳ ಮೇಲೆ ಗಾಳಿಯಿಂದ ಕರೆಂಟು ಮಾಡುವ ಫ್ಯಾನುಗಳಿವೆ. ತಾತನಿಗೆ ಅವುಗಳ ಮೇಲೆ ಅನುಮಾನ.

"ಅವು ಬಂದ್ಮೇಲೆ ಮೋಡ ನಿಲ್ತಾ ಇಲ್ಲ ಕಣಮ್ಮ. ಮನೇಲಿ ಫ್ಯಾನ್ ಹಾಕಿದ್ರೆ ಹೊಗೆ ನಿಲ್ತದಾ?"

"ತಾತಾ, ಆ ಫ್ಯಾನು ಗಾಳಿ ಬಿಡಲ್ಲ. ಗಾಳಿನೇ ಅದನ್ನ ತಿರುಗಿಸೋದು" ಅಂದೆ.

ತಾತ ಕೈಯಲ್ಲಿದ್ದ ಕುರಿಯ ಕಿವಿ ಉಜ್ಜಿದರು. "ಸರೇ. ಅಷ್ಟು ದಪ್ಪ ರೆಕ್ಕೆ ತಿರುಗಿಸಿದ್ಮೇಲೆ ಗಾಳಿಗೆ ಸುಸ್ತಾಗಲ್ವಾ?"

ಗಾಳಿಗೆ ಸುಸ್ತೆಲ್ಲಿಂದ ಎಂದು ನಕ್ಕೆ. ರೂಮಿಗೆ ಬಂದು ಹುಡುಕಿದರೆ, ರೆಕ್ಕೆ ದಾಟಿದ ಮೇಲೆ ಗಾಳಿಯ ವೇಗ ತಗ್ಗುತ್ತದೆ ಎಂದಿತ್ತು. ಮೋಡಕ್ಕೂ ಅದಕ್ಕೂ ಸಂಬಂಧವಿಲ್ಲ, ಆದರೆ ಗಾಳಿಗೆ ಸುಸ್ತಾಗುವುದು ನಿಜ. ಅರ್ಧ ತಪ್ಪು ಅರ್ಧ ಸರಿ. ಅದಕ್ಕೆ ನನ್ನಲ್ಲಿ ಕಾಲಂ ಇರಲಿಲ್ಲ, ಮೂರನೆಯದಕ್ಕೇ ಸೇರಿಸಿದೆ.

ಫೋನಿನ ಬಗ್ಗೆ ಅವರ ದೂರು ಬೇರೆ. ಮನೆಯಲ್ಲಿ ಜಂತುಹುಳದ ಮಾತಾಡಿದರೆ ಸಂಜೆಯೊಳಗೆ ಸೊಸೆಯ ಫೋನಿನಲ್ಲಿ ಜಂತುಹುಳದ ಔಷಧಿಯ ವಿಡಿಯೊ ಬರುತ್ತದಂತೆ. "ನಾನು ಆಡಿದ್ದು ಆ ಡಬ್ಬಿಗೆ ಕೇಳ್ತದೆ. ಅದನ್ನ ಹಿಡ್ಕಂಡಿರೋಳಿಗೆ ಕೇಳಲ್ಲ. ಇದಕ್ಕೆ ನಿಮ್ಮ ಸೈನ್ಸಾಗೆ ಏನಂತಾರೆ?"

ಸೊಸೆ ಮಂದೆ ಹಿಂದಿನಿಂದಲೇ ಕೂಗಿದರು: "ಕೇಳ್ತದೆ ಮಾವಾ. ಡಬ್ಬಿ ಥರ ತಿರುಗಿ ಉತ್ತರ ಕೊಟ್ರೆ ನಿಮಗೇ ತಡ್ಕಳಾಕಾಗಲ್ಲ!"

ಒಮ್ಮೆ ನನ್ನ ಫೋನಿನಲ್ಲಿ ಪ್ರಶ್ನೆ ಕೇಳಿದರೆ ಉತ್ತರ ಹೇಳುವ ಆ್ಯಪ್ ತೋರಿಸಿದೆ. ಬಿಸಿಲಿನಲ್ಲಿ ಕುರಿಗಳು ಒಂದರ ಹೊಟ್ಟೆ ಕೆಳಗೆ ಒಂದು ತಲೆ ತೂರಿಸಿ ನಿಲ್ಲುವುದೇಕೆ ಎಂದು ತಾತ ಅರ್ಧ ತೆಲುಗು ಅರ್ಧ ಕನ್ನಡದಲ್ಲಿ ಕೇಳಿದರು. ಅದು ಗಟ್ಟಿಯಾಗಿ, ತಡವರಿಸದೆ, ನೆರಳು ಎಂದಿತು, ನೊಣದ ಕಾಟ ಎಂದಿತು, ಇನ್ನೂ ಏನೇನೋ ಹೇಳಿತು. ಎಲ್ಲ ಕೇಳಿ ತಾತ ನನ್ನ ಕಡೆ ತಿರುಗಿದರು. "ಚೆನ್ನಾಗಿ ಹೇಳ್ತು. ಇದು ಕುರಿ ಕಾದೈತಾ?"

"ಇಲ್ಲ ತಾತಾ. ಕಾದೋರು ಬರೆದಿದ್ದನ್ನ ಓದೈತೆ."

"ಕುರಿ ಕಾಯೋರು ಯಾವತ್ತು ಬರೆದ್ರು?"

ಇದೂ ಮೂರನೆಯ ಕಾಲಂಗೆ ಹೋಯಿತು.

ತಾತ ಒಂದು ವಿಷಯದಲ್ಲಿ ಮಾತ್ರ ಮಾತು ಬೆಳೆಸುತ್ತಿರಲಿಲ್ಲ. ತಮ್ಮ ಕುರಿಗಳನ್ನು ಎಣಿಸಲು ಬಿಡುತ್ತಿರಲಿಲ್ಲ. ಬದುಕಿರುವ ಕುರಿಯನ್ನು ಎಣಿಸಿ ಬಾಯಲ್ಲಿ ಸಂಖ್ಯೆ ಹೇಳಿದರೆ ಮಂದೆ ಕಮ್ಮಿಯಾಗುತ್ತದೆ ಎಂಬುದು ಅವರ ನಂಬಿಕೆ. ಸಂಜೆ ರೊಪ್ಪದ ಬಾಗಿಲಲ್ಲಿ ನಿಂತು, ಕುರಿಗಳು ಒಂದೊಂದಾಗಿ ಒಳಗೆ ಹೋಗುವುದನ್ನು ನೋಡುತ್ತಿದ್ದರು. ಕೊನೆಯದು ಒಳಹೊಕ್ಕ ಕೂಡಲೇ, "ಮೂಗಿ ಬಂದಿಲ್ಲ. ಬೇಲಿ ಹತ್ರ ನೋಡೋಗು" ಎಂದು ಸೊಸೆಗೆ ಹೇಳುತ್ತಿದ್ದರು. ಮೂಗಿ ಬೇಲಿ ಹತ್ತಿರವೇ ಇರುತ್ತಿತ್ತು.

ಮುಂಗಾರಿಗೆ ಮುಂಚೆ ಚಿಟುಕು ರೋಗದ ಸೂಜಿ ಹಾಕಬೇಕು. ಮೊದಲ ಮಳೆಯ ಎಳೆ ಹುಲ್ಲು ಹೊಟ್ಟೆಬಿರಿಯ ತಿಂದ ಕುರಿ ಚಿಟಿಕೆ ಹೊಡೆಯುವಷ್ಟರಲ್ಲಿ ಬಿದ್ದು ಸಾಯುತ್ತದೆ, ಅದಕ್ಕೇ ಆ ಹೆಸರು. ಎಷ್ಟು ಕುರಿಗೆ ಲಸಿಕೆ ಬೇಕೆಂದು ನಾನು ಮೊದಲೇ ಬರೆದು ಕಳಿಸಬೇಕಿತ್ತು. ಬೇರೆ ಕುರಿಗಾರರೆಲ್ಲ ಹೇಳಿದರು. ತಾತನನ್ನು ಕೇಳಿದೆ.

"ಬರ್ಕೋ. ಒಂದು ಮಂದೆ."

"ತಾತಾ, ಫಾರಂನಲ್ಲಿ ನಂಬರ್ ಹಾಕಬೇಕು."

"ಒಂದು ಅನ್ನೋದು ನಂಬರ್ ಅಲ್ವಾ?"

ನಾನು ವಾದ ಮಾಡಲಿಲ್ಲ. ಅಂದು ಸಂಜೆ ರೊಪ್ಪದ ಬಾಗಿಲಲ್ಲಿ ಅವರ ಪಕ್ಕವೇ ನಿಂತು, ಎಡ ಅಂಗೈಯಲ್ಲಿ ಪೆನ್ನಿನಿಂದ ಗೀಟು ಹಾಕುತ್ತ ಹೋದೆ. ನಾಲ್ಕು ಗೀಟು, ಅಡ್ಡ ಒಂದು. ಬಸ್ಸಿನಲ್ಲಿ ಗೀಟುಗಳನ್ನು ಕೂಡಿ ನೋಡಿದೆ. ಎಂಬತ್ತನಾಲ್ಕು. ಒಂದು ತೊಟ್ಟೂ ವ್ಯರ್ಥವಾಗದಂತೆ ಲಸಿಕೆ ತರಿಸುವುದು ನನ್ನ ಹೆಮ್ಮೆ. ಎಲ್ಲ ಮಂದೆಗಳ ಲೆಕ್ಕಕ್ಕೆ ಈ ಎಂಬತ್ತನಾಲ್ಕನ್ನೂ ಸೇರಿಸಿ ಕಳಿಸಿದೆ.

ಲಸಿಕೆಯ ದಿನ ತಾತನ ಮಂದೆಯೇ ಕೊನೆಯದು. ಸೂಜಿ ಹಾಕಿದ ಪ್ರತಿ ಕುರಿಯ ಬೆನ್ನಿಗೂ ನೀಲಿ ಬಣ್ಣ ಬಳಿದೆ. ಎಂಬತ್ತನಾಲ್ಕನೆಯದಕ್ಕೆ ಸರಿಯಾಗಿ ಬಾಟಲಿ ಖಾಲಿಯಾಯಿತು. ನನಗೆ ಖುಷಿಯೋ ಖುಷಿ. ಆಗ ಸೊಸೆ ಮನೆಯ ಹಿತ್ತಲಿನಿಂದ ಇನ್ನೊಂದು ಗುಂಪು ಹೊಡೆದುಕೊಂಡು ಬಂದರು. ಹೊಸದಾಗಿ ಈದ ತಾಯಿಕುರಿಗಳು, ಮರಿಗಳ ಜೊತೆ ಹುಣಸೆಮರದ ಕೆಳಗೆ ಬೇರೆಯಾಗಿ ಇರುತ್ತಿದ್ದವು. ಅವು ಸಂಜೆಯ ರೊಪ್ಪಕ್ಕೆ ಬರುವುದೇ ಇಲ್ಲ. ಹನ್ನೊಂದು ತಾಯಿಗಳು.

ಖಾಲಿ ಬಾಟಲಿ ಕೈಯಲ್ಲಿ ಹಿಡಿದು, "ಆಫೀಸಿಂದಲೇ ಕಮ್ಮಿ ಬಂದಿದೆ ತಾತಾ" ಅಂದೆ.

ನಾನು ಬೇಕೆಂದೇ ಹೇಳಿದ ಸುಳ್ಳು ಅದು. ಅವತ್ತಿನ ದಿನಚರಿಯಲ್ಲಿ "ಲಸಿಕೆ ಸಾಲಲಿಲ್ಲ" ಎಂದಷ್ಟೇ ಇದೆ. ಯಾಕೆ ಎಂದು ಇಲ್ಲ.

ತಾತ ಬೈಯಲಿಲ್ಲ. "ಮತ್ತೆ ಯಾವಾಗ ಬತ್ತದೆ?" ಎಂದರು. ಎರಡು ವಾರ ಎಂದೆ. ಆಕಾಶ ನೋಡಿದರು. ಐದನೆಯ ದಿನ ಮಳೆ ಬಂತು.

ಮಳೆಯ ಮರುದಿನ ನಾನು ಹೋದಾಗ ತಾತ ಹುಣಸೆಮರದ ಕೆಳಗೆ ಕೂತಿದ್ದರು. "ಈ ರೋಗ ಹೆಂಗೆ ಬತ್ತದೆ? ನಿಮ್ಮ ಪುಸ್ತಕದಾಗೆ ಇರೋದನ್ನ ಹಂಗೇ ಹೇಳು" ಅಂದರು. ರೋಗದ ಕ್ರಿಮಿ ಕುರಿಯ ಕರುಳಿನಲ್ಲಿ ಮೊದಲೇ ಇರುತ್ತದೆ, ಎಳೆ ಹುಲ್ಲು ಅತಿಯಾಗಿ ತಿಂದಾಗ ಒಮ್ಮೆಲೇ ಬೆಳೆದು ವಿಷ ಬಿಡುತ್ತದೆ ಎಂದು ವಿವರಿಸಿದೆ.

"ಅಂದ್ರೆ ಹುಳ ಅಲ್ಲೇ ಕುಂತಿರ್ತದೆ. ಊಟಕ್ಕೆ ಕರಿಯೋರು ನಾವು."

"ಹೌದು ತಾತಾ."

"ಹಂಗಾದ್ರೆ ಕರೆಯಾದೇ ಬೇಡ ಬಿಡು."

ಆ ಹನ್ನೊಂದನ್ನೂ ಮರದ ಕೆಳಗೇ ಹಗ್ಗದಲ್ಲಿ ಕಟ್ಟಿದರು, ಹೊರಗೆ ಬಿಡಲಿಲ್ಲ. ಒಣಗಿದ ಕಡ್ಲೆಕಾಯಿ ಬಳ್ಳಿ ಹಾಕಿ, ಕೈಯಲ್ಲಿ ನೀರು ಕುಡಿಸಿ, ಹಗಲೆಲ್ಲ ಅವುಗಳ ನಡುವೆಯೇ ಕೂತರು. ಕಿವಿಗಳನ್ನು ಒಂದಾದ ಮೇಲೊಂದು ಉಜ್ಜುತ್ತಿದ್ದರು. ಹೊರಗೆ ನೆಲವೆಲ್ಲ ಹಸಿರು. ತಾಯಿಕುರಿಗಳು ಹಗ್ಗ ಜಗ್ಗಿ ಕೂಗುತ್ತಿದ್ದವು. ಉಳಿದ ಮಂದೆ ಹೊಡೆದುಕೊಂಡು ಹೋಗುವ ಕೆಲಸ ಸೊಸೆಯದಾಯಿತು. ನನ್ನನ್ನು ಕಂಡಾಗಲೆಲ್ಲ ಅವರು, "ನೋಡು ಮೇಡಂ, ನನ್ನ ಮೂರು ಬಾಣಂತನಕ್ಕೂ ಈ ಮಾವ ತಿರುಗಿ ನೋಡ್ಲಿಲ್ಲ. ಈಗ ಹನ್ನೊಂದು ಜನಕ್ಕೆ ಒಟ್ಟಿಗೇ ಮಾಡ್ತಾವ್ರೆ" ಎನ್ನುತ್ತಿದ್ದರು. ತಾತ ತಟ್ಟನೆ, "ಲೇ, ನಂಬರ್ ಹೇಳಬ್ಯಾಡ!" ಎಂದು ಗದರುತ್ತಿದ್ದರು. ನನಗೆ ನಗು ಬರುತ್ತಿರಲಿಲ್ಲ.

ಮಳೆ ಬಿದ್ದ ಎಂಟನೆಯ ದಿನ ಕೆಂಪಿ ಎಂಬ ತಾಯಿ ಹಗ್ಗ ಕಡಿದುಕೊಂಡು ಹೊಲಕ್ಕೆ ನುಗ್ಗಿತು. ಹಿಡಿದು ತರುವಷ್ಟರಲ್ಲಿ ಹೊಟ್ಟೆ ತುಂಬಾ ತಿಂದಿತ್ತು. ಮಾರನೆಯ ಬೆಳಿಗ್ಗೆ ಸತ್ತಿತ್ತು. ಎರಡು ಮರಿ ಬಿಟ್ಟು ಹೋಯಿತು. ಉಳಿದವು ಬದುಕಿದವು. ಆಮೇಲೆ ಲಸಿಕೆ ಬಂತು, ಹಾಕಿದೆ. ಆದರೆ ಅದೇ ದಿನಗಳಲ್ಲಿ ನೀಲಿ ಬಣ್ಣ ಬಳಿದ ಕುರಿಗಳಲ್ಲೂ ಎರಡು ಸತ್ತವು. ಚಿಟುಕು ರೋಗವೋ ಬೇರೆಯೋ ಹೇಳಲಾರೆ, ನಾನು ಬರುವ ಮೊದಲೇ ಹೂತಿದ್ದರು.

ತಾತ ಕೇಳಿದರು: "ಸೂಜಿ ಹಾಕಿದ್ರಾಗೆ ಎರಡು. ಹಾಕ್ದೇ ಇರೋದ್ರಾಗೆ ಒಂದು. ಈಗ ಸೂಜಿ ಗೆಲ್ತಾ, ನಾನು ಗೆದ್ನಾ?"

"ನೀವು ಎಣಿಸಿದ್ರಲ್ಲ ತಾತಾ!"

"ಸತ್ತೋವನ್ನ ಎಣಿಸ್ಬೋದು ಕಣಮ್ಮ. ಅವಕ್ಕಿನ್ನೇನಾಯ್ತದೆ?"

ಎಂಬತ್ತನಾಲ್ಕರಲ್ಲಿ ಎರಡು ಎಂಬುದು ಹನ್ನೊಂದರಲ್ಲಿ ಒಂದಕ್ಕಿಂತ ಕಮ್ಮಿ ಎಂದು ನೆಲದ ಮೇಲೆ ಕಡ್ಡಿಯಿಂದ ಬರೆದು ತೋರಿಸಿದೆ. ಅವರು ಗಂಭೀರವಾಗಿ ನೋಡಿದರು. "ಅಂದ್ರೆ ಒಂದು ಅನ್ನೋದು ಎರಡಕ್ಕಿಂತ ದೊಡ್ಡದು ಅಂತೀಯ. ಕೆಂಪಿ ಮರಿಗಳಿಗೆ ಹೌದು" ಎಂದರು. ನನ್ನ ಲೆಕ್ಕವನ್ನು ಒಪ್ಪಿದರೋ ಬೇರೇನಾದರೂ ಹೇಳಿದರೋ, ನನಗೆ ತಿಳಿಯಲಿಲ್ಲ. ಆ ಎರಡು ಮರಿಗಳು ಬೇರೆ ತಾಯಿಯ ಕೆಚ್ಚಲಿಗೆ ಹೋಗಿ ಒದೆಸಿಕೊಂಡು ಬರುವುದನ್ನು ನೋಡುತ್ತಿದ್ದಂತೆ ಬಾಯಿಂದ ನಿಜ ಬಂದುಬಿಟ್ಟಿತು.

"ತಾತಾ, ಆಫೀಸಿಂದ ಕಮ್ಮಿ ಬರಲಿಲ್ಲ. ನಾನೇ ಕದ್ದು ಎಣಿಸಿದ್ದೆ. ಹಿತ್ತಲಲ್ಲಿದ್ದೋವು ನಂಗೆ ಗೊತ್ತಿರ್ಲಿಲ್ಲ."

ತಾತ ನನ್ನನ್ನು ನೋಡಲಿಲ್ಲ. "ಗೊತ್ತು. ಅಂಗೈಗೆ ಗೀಟು ಹಾಕ್ತಿದ್ದೆ. ನಾನು ಪಕ್ಕದಾಗೇ ಇದ್ನಲ್ಲ."

"ಮತ್ತೆ ಹಿತ್ತಲಲ್ಲಿ ಇನ್ನೂ ಐತೆ ಅಂತ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನಾನೂ ಎಣಿಸಿದಂಗೆ ಆಯ್ತಿತ್ತಲ್ಲ ಕಣಮ್ಮ."

ಮರಿಯೊಂದನ್ನು ತೊಡೆಯ ಮೇಲೆ ಎಳೆದುಕೊಂಡರು. "ನಂಗೂ ಒಳಗೆ ಲೆಕ್ಕ ಇರ್ತದೆ. ಬಾಯಿಗೆ ತರಲ್ಲ, ಅಷ್ಟೇ. ನೀನು ನನ್ನ ಕೇಳ್ದೇನೇ ಎಣಿಸ್ದೆ. ನಾನು ಕಂಡೂ ಸುಮ್ಕಿದ್ದೆ. ಇಬ್ರೂ ಸೇರಿ ಕೆಂಪಿನ ತಿಂದ್ವಿ" ಎಂದರು.

ಅವತ್ತು ಹಿಂದೂಪುರದ ಬಸ್ಸಿನಲ್ಲಿ ರೊದ್ದಂ ದಾಟುವವರೆಗೂ ದಿನಚರಿ ತೆರೆದಿಟ್ಟುಕೊಂಡೇ ಕೂತಿದ್ದೆ. ತಪ್ಪು ನನ್ನದು ಎಂದು ಬರೆದೆ, ಹೊಡೆದುಹಾಕಿದೆ. ನಂಬಿಕೆಯದು ಎಂದು ಬರೆದೆ, ಅದನ್ನೂ ಹೊಡೆದುಹಾಕಿದೆ. ಆ ಪುಟ ಹಾಗೇ ಇದೆ. ಕೆಂಪಿಯನ್ನು ಹಗ್ಗದಲ್ಲಿ ಕಟ್ಟಿಸಿದ್ದು ನನ್ನ ಪುಸ್ತಕದ ಮಾತು. ಉಳಿದ ಹತ್ತನ್ನು ಉಳಿಸಿದ್ದೂ ಅದೇ. ಅದನ್ನು ಕೇಳಿ ಮಾಡಿದವರು ಮಾತ್ರ ತಾತ. ಇದರಲ್ಲಿ ಯಾವುದು ವಿಜ್ಞಾನ, ಯಾವುದು ತಾತ ಎಂದು ಬೇರ್ಪಡಿಸಲು ನನಗೆ ಇನ್ನೂ ಬಂದಿಲ್ಲ.

ಅದಾದ ಮೇಲೂ ಪ್ರಶ್ನೆಗಳು ನಿಲ್ಲಲಿಲ್ಲ. ಕುರಿಯ ಕಿವಿಗೆ ಹಳದಿ ಬಿಲ್ಲೆ ಹಾಕಲು ಹೋದಾಗ, "ಇದ್ರಾಗೆ ಜಾತಿ ಬರ್ದವ್ರಾ?" ಎಂದರು. ಇಲ್ಲ, ಬರೀ ನಂಬರ್ ಎಂದೆ. "ಪರವಾಗಿಲ್ಲ. ನಮಗಿಂತ ಮುಂದೆ ಹೋದ್ವು" ಎಂದು ನಕ್ಕರು.

ಹೋದ ಬೇಸಿಗೆಯಲ್ಲಿ ಎದೆನೋವೆಂದು ಅವರನ್ನು ಕಲ್ಯಾಣದುರ್ಗದ ಆಸ್ಪತ್ರೆಗೆ ಕರೆತಂದರು. ರೂಮಿನಿಂದ ನಡೆದು ಹೋಗುವಷ್ಟು ದೂರ, ದಿನವೂ ಹೋಗುತ್ತಿದ್ದೆ. ನರ್ಸಮ್ಮ ತೋಳಿಗೆ ಪಟ್ಟಿ ಸುತ್ತಿ ಬಿಪಿ ನೋಡಿದಾಗ ತಾತ ಮೆಲ್ಲಗೆ, "ಬರ್ಕೋ ತಾಯಿ, ಜೋರಾಗಿ ಹೇಳಬ್ಯಾಡ" ಎಂದರು. ಆಕೆಗೆ ಅರ್ಥವಾಗಲಿಲ್ಲ. ನನಗೆ ಆಯಿತು. ಆದರೂ ಮಂಚದ ತುದಿಯಲ್ಲಿದ್ದ ಚೀಟಿಯನ್ನು ನಾನು ಕದ್ದು ಓದಿದೆ. ಭಾನುವಾರ ಹಿಂದೂಪುರದಲ್ಲಿದ್ದಾಗ ಊರಿನಿಂದ ಸೊಸೆಯ ಫೋನು ಬಂತು. "ಮಾವ ಹೋಗ್ಬುಟ್ರು ಮೇಡಂ" ಎಂದಷ್ಟೇ ಹೇಳಿದರು, ಫೋನು ಇಡಲಿಲ್ಲ. ಹಿಂದೆ ಕುರಿಗಳ ಸದ್ದು ಕೇಳುತ್ತಿತ್ತು.

ಈ ಸಲದ ಮುಂಗಾರಿಗೆ ಮುಂಚೆ ಪಕ್ಕದ ಊರಿನ ಮಂದೆಯೊಂದರ ಲೆಕ್ಕ ಬರೆಯಲು ಹೋಗಿದ್ದೆ. ಕುರಿಗಾರ ನನ್ನ ವಯಸ್ಸಿನವನು, ಯಾವ ನಂಬಿಕೆಯ ತಂಟೆಯೂ ಇಲ್ಲ, ಕೇಳುವ ಮೊದಲೇ ಅರವತ್ತೆರಡು ಎಂದ. ನಾನು ಪೆನ್ನು ತೆಗೆಯಲಿಲ್ಲ.

"ಇವತ್ತು ಇಲ್ಲಿಗೆ ಬರದೇ ಇರೋವು ಯಾವ್ಯಾವು?" ಎಂದು ಕೇಳಿದೆ.

ಅವನು ತಲೆ ಕೆರೆದುಕೊಂಡ. "ಈದಿರೋವು ಕೊಟ್ಟಿಗೇಲವೆ. ಕಾಲು ಮುರಿದಿರೋದೊಂದು ಅಕ್ಕನ ಮನೇಲೈತೆ. ಅವನ್ನೂ ಬರೀತೀರಾ ಮೇಡಂ?"

"ಮೊದಲು ಅವನ್ನೇ ತೋರಿಸು" ಎಂದು ಅವನ ಹಿಂದೆ ಹೊರಟೆ.