ಹಳದಿ ಲಕೋಟೆ

ಕೈಲಾಂಚದ ಮುನೇಶನಿಗೆ ಜರ್ಮನಿಯಲ್ಲಿ ಮೊದಲು ಬೇಜಾರಾಗಿದ್ದು ಚಳಿಯಿಂದಲ್ಲ, ಅಂಚೆಯವಳಿಂದ. ಊರಿನಲ್ಲಿ ಅಂಚೆಯ ರಾಮಲಿಂಗಯ್ಯ ಬಂದರೆ ಜಗಲಿಯ ಮೇಲೆ ಕೂತು, ಮಜ್ಜಿಗೆ ಕುಡಿದು, ಕಾಗದದಲ್ಲಿ ಏನಿದೆಯೆಂದು ಓದಿ ಹೇಳಿಯೇ ಏಳುತ್ತಿದ್ದ. ಮನೆಗೆ ಬೀಗ ಹಾಕಿದ್ದರೆ ಕುರಿ ಮೇಯುವ ಕಡೆಗೇ ಬೈಕು ತಿರುಗಿಸುತ್ತಿದ್ದ. ಇಲ್ಲಿ ಆಕೆ ಕೆಳಗಿನ ತಗಡಿನ ಪೆಟ್ಟಿಗೆಯ ಬಾಯಿಗೆ ಕಾಗದ ತುರುಕಿ, ತಲೆ ಎತ್ತದೆ ಹೋಗುತ್ತಾಳೆ. ಒಂದು ದಿನ ಮುನೇಶ ಲೋಟದಲ್ಲಿ ಮಜ್ಜಿಗೆ ಹಿಡಿದು ಬಾಗಿಲಲ್ಲಿ ಕಾದಿದ್ದ. ಆಕೆ ಹೆದರಿ ಹಿಂದೆ ಸರಿದಳು. ಆ ಮಜ್ಜಿಗೆಯನ್ನು ಅವನೇ ಕುಡಿದ.

ಹೆಂಡತಿ ಮಮತಾ ನರ್ಸು. ಕೆಲಸ ಸಿಕ್ಕಿದ್ದು ಅವಳಿಗೆ. ಇವನು ಕುರಿಗಳನ್ನು ಅಣ್ಣ ಲಕ್ಷ್ಮಯ್ಯನಿಗೆ ಒಪ್ಪಿಸಿ ಬೆನ್ನಿಗೆ ಬಂದವನು. ಹೆಂಡತಿಯ ಸೆರಗು ಹಿಡಿದು ಹೋದನೆಂದು ಪಕ್ಕದೂರು ಕೂಟಗಲ್‌ವರೆಗೂ ನಕ್ಕವರಿದ್ದರು. ಅಡುಗೆ, ಬಟ್ಟೆ, ಭಾಷೆಯ ಕ್ಲಾಸು, ಜೊತೆಗೆ ಆ ಪೆಟ್ಟಿಗೆಯ ಬೀಗದ ಕೈ ಇವನ ಪಾಲಿಗೆ. ಮಮತಾಳ ಓದು ಇಲ್ಲಿಯ ಓದಿಗೆ ಸಮವೆಂದು ಸರ್ಕಾರಿ ಕಚೇರಿ ಒಪ್ಪಬೇಕಿತ್ತು. ಇಲ್ಲದಿದ್ದರೆ ಗಂಟುಮೂಟೆ ಕಟ್ಟಬೇಕು. ‘ಏನಾರ ಬಂತಾ?’ ಎಂದು ಅವಳು ದಿನಾ ಕೇಳುತ್ತಿದ್ದಳು.

ಬಂತು. ಪೂರ್ತಿ ಹಳದಿ ಲಕೋಟೆ. ಊರಲ್ಲಿ ಲಗ್ನಪತ್ರಿಕೆಯ ಮೂಲೆಗಳಿಗೆ ಮಾತ್ರ ಅರಿಶಿನ ಹಚ್ಚುತ್ತಾರೆ. ಇದು ಅರಿಶಿನದಲ್ಲೇ ಅದ್ದಿ ತೆಗೆದಂತಿತ್ತು. ಶುಭವಲ್ಲದೆ ಇನ್ನೇನು ಎಂದುಕೊಂಡ. ಅಂದು ಅಮಾವಾಸ್ಯೆ ಬೇರೆ. ಒಳ್ಳೆಯ ದಿನ ನೋಡಿ, ಸಿಹಿ ಮಾಡಿ ಕೈಗೆ ಕೊಡೋಣವೆಂದು ಮುನೇಶ್ವರನ ಪಟದ ಹಿಂದೆ ಇಟ್ಟ. ಶುಕ್ರವಾರ ಅವಳಿಗೆ ಡಬಲ್ ಡ್ಯೂಟಿ. ಮುಂದಿನ ಶುಕ್ರವಾರ ಜ್ವರ. ಇನ್ನೊಂದು ಶುಕ್ರವಾರವಾಗಲಿ ಎಂದ. ಅವಳು ಕೇಳಿದಾಗಲೆಲ್ಲ ‘ಇನ್ನೂ ಇಲ್ಲ ಕಣೆ’ ಎಂದು ಒಳಗೊಳಗೇ ನಗುತ್ತಿದ್ದ.

ಆಮೇಲಿನ ಬುಧವಾರ ಬೆಳಿಗ್ಗೆ ಕ್ಲಾಸಿನಲ್ಲಿ ಟೀಚರು ತರತರದ ಲಕೋಟೆಗಳನ್ನು ತೋರಿಸಿದಳು. ಹಳದಿಯದನ್ನು ಎತ್ತಿ ಹಿಡಿದು ಬಿಡಿಸಿ ಬಿಡಿಸಿ ಹೇಳಿದಳು. ಇದು ಕಚೇರಿಯದು, ಕೋರ್ಟಿನದು. ಅಂಚೆಯವರು ಮೇಲೆ ಬರೆದ ತಾರೀಕಿನಿಂದಲೇ ಗಡುವು ಶುರು. ಒಡೆದರೂ ಅಷ್ಟೆ, ಒಡೆಯದಿದ್ದರೂ ಅಷ್ಟೆ.

ಮುನೇಶ ಪುಸ್ತಕವನ್ನೂ ಅಲ್ಲೇ ಬಿಟ್ಟು ಮನೆಗೆ ಓಡಿದ.

ಮಮತಾ ಡ್ಯೂಟಿಗೆ ಹೊರಟಿದ್ದವಳು ನಿಂತಲ್ಲೇ ಲಕೋಟೆ ಒಡೆದು ಓದಿದಳು. ಕನಕಪುರದಲ್ಲಿ ನರ್ಸಿಂಗ್ ಓದಿದ್ದರ ಒಂದು ಪತ್ರ ಅರ್ಜಿಯಲ್ಲಿ ಸೇರಿಲ್ಲ; ಎರಡು ವಾರದಲ್ಲಿ ಕೊಡದಿದ್ದರೆ ಅರ್ಜಿ ವಜಾ. ಗಡುವು ಅಂದೇ ಮುಗಿಯುತ್ತಿತ್ತು. ಆ ಪತ್ರದ ಪ್ರತಿ ಮನೆಯಲ್ಲೇ, ಸೂಟ್‌ಕೇಸಿನ ತಳದಲ್ಲಿತ್ತು. ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

‘ಊರಿಗೋಗ್ಬೇಕು ಅಂತ ಬೇಕಂತ್ಲೇ ಬಚ್ಚಿಟ್ಯಾ?’

‘ಇಲ್ಲ ಕಣೆ. ಅರಿಶ್ನದಂಗೆ ಕಾಣ್ತು, ಅದ್ಕೇ...’ ದಿನಾ ಅಣ್ಣನಿಗೆ ಫೋನ್ ಮಾಡಿ, ಕುರಿಮರಿಗಳನ್ನು ಒಸಿ ತೋರಿಸು ಎಂದು ಇವನು ಗೋಗರೆಯುತ್ತಿದ್ದುದು ಅವಳಿಗೆ ಗೊತ್ತಿತ್ತು.

ಅವಳಿಗೆ ರಜೆ ಸಿಗುವಂತಿರಲಿಲ್ಲ. ‘ಕಚೇರಿ ಬಾಗ್ಲು ಹಾಕಿದ್ರೆ ಪಕ್ಕದಲ್ಲಿ ಪೆಟ್ಗೆ ಐತಂತೆ. ಅದ್ರೊಳಕ್ಕೆ ಹಾಕು, ಇವತ್ತಿನ್ ತಾರೀಕಿಗೇ ಸೇರ್ತದಂತೆ’ ಎಂದಳು. ಮುನೇಶ ಆ ಪ್ರತಿ ಹಿಡಿದು ರೈಲು ಹತ್ತಿದ. ದಾರಿಯುದ್ದಕ್ಕೂ ಅವಳ ಪ್ರಶ್ನೆ ಗಂಟಲಿಗೆ ಸಿಕ್ಕ ಮೀನಿನ ಮುಳ್ಳಿನಂತೆ ಚುಚ್ಚುತ್ತಿತ್ತು.

ರೈಲು ತಡವಾಯಿತು. ಕಚೇರಿಯ ಬಾಗಿಲು ಹಾಕಿತ್ತು. ಗೋಡೆಯಲ್ಲಿ ಪೆಟ್ಟಿಗೆ ಇತ್ತು. ತಗೊಂಡೆ ಎನ್ನಲು ರಾಮಲಿಂಗಯ್ಯನಂಥ ಒಬ್ಬನಿಲ್ಲ, ಕೊಟ್ಟೆ ಎನ್ನಲು ಸಾಕ್ಷಿಯಿಲ್ಲ. ಕೈ ಪೆಟ್ಟಿಗೆಯ ಬಾಯಲ್ಲೇ ನಿಂತಿತು. ಹಾಕದೆ ಹೋಗಿ, ಹಾಕಿದೆ ಎಂದರೆ ಯಾರಿಗೆ ಗೊತ್ತಾದೀತು? ಒಂದೆರಡು ತಿಂಗಳಲ್ಲಿ ಕೈಲಾಂಚ, ಕುರಿ, ಜಗಲಿ. ಅಂಥ ಯೋಚನೆ ತನಗೆ ಬಂತಲ್ಲ ಎಂದು ಅವನಿಗೆ ಭಯವಾಯಿತು.

ಜೇಬಿನಿಂದ ಫೋನ್ ತೆಗೆದು ವಿಡಿಯೋ ಕಾಲ್ ಮಾಡಿದ. ಆಸ್ಪತ್ರೆಯ ನೀಲಿ ಅಂಗಿಯಲ್ಲಿ ಮಮತಾ ಕಾಣಿಸಿದಳು.

‘ನೋಡ್ತಾ ಇರು’ ಎಂದ. ಒಂದು ಕೈಯಲ್ಲಿ ಫೋನ್ ಹಿಡಿದು ಇನ್ನೊಂದು ಕೈಯಿಂದ ಕಾಗದ ಬಿಟ್ಟ. ಅದು ಒಳಗೆ ಬಿದ್ದ ಸದ್ದು ಇಬ್ಬರಿಗೂ ಕೇಳಿಸಿತು.

‘ಹಾಕ್ಬುಟ್ಟು ಬಂದಿದ್ರೆ ಆಗ್ತಿತ್ತು. ಇದ್ನೆಲ್ಲ ಯಾಕೆ ತೋರುಸ್ತೀಯ?’ ಎಂದಳು ಮಮತಾ. ‘ಸಿಟ್ನಲ್ಲಿ ಏನೋ ಅಂದೆ. ನಾನೇನ್ ನಿನ್ನ ನಂಬಾಕಿಲ್ವಾ?’

ಮುನೇಶ ಪೆಟ್ಟಿಗೆಯ ಮೇಲೆ ಅಂಗೈ ಊರಿ ನಿಂತಿದ್ದ.

‘ನಂಗೇ ನನ್ಮೇಲೆ ನಂಬ್ಕೆ ಇರ್ಲಿಲ್ಲ ಕಣೆ’ ಎಂದ.