ಕಿವಿ ಮುಟ್ಟಿಸಿ ಸೇರಿಸಿಕೊಂಡ ಮಾಸ್ತರು

ಮೊನ್ನೆ ಇಂಡಿ ಪಟ್ಟಣದಲ್ಲಿ ನಾನೂ ತಂಗಿಯೂ ಅವಳ ಮೊಮ್ಮಗಳ ಶಾಲೆಗೆ ಹೋಗಿದ್ದೆವು, ಟೀಚರ್ ಕರೆಸಿದ್ದರು. ಹೊರಗೆ ಬೆಂಚಿನ ಮೇಲೆ ಕೂತಿದ್ದಾಗ ಪಕ್ಕದ ಮುದುಕರೊಬ್ಬರು ನಶ್ಯದ ಡಬ್ಬಿ ತೆಗೆದರು. ಆ ಘಾಟು ಮೂಗಿಗೆ ಬಡಿದದ್ದೇ ತಡ, ನಮ್ಮೂರ ಮಾಸ್ತರು ನೆನಪಾದರು. ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದಂತೆ. ನಾನು ಆಡುತ್ತೇನೆ.

ಎಪ್ಪತ್ತರ ದಶಕ. ಬಲಗೈಯನ್ನು ತಲೆಯ ಮೇಲಿಂದ ತಂದು ಎಡಗಿವಿ ಮುಟ್ಟಿದ ಮಗುವಿಗೆ ಆರು ವರ್ಷ ತುಂಬಿತೆಂದು ಶಾಲೆಗೆ ಸೇರಿಸಿಕೊಳ್ಳುತ್ತಿದ್ದ ಕಾಲ. ತಂಗಿಯೂ ಹಾಗೇ ಸೇರಿದಳು. ಮಕ್ಕಳ ತಲೆಯ ಬಗ್ಗೆ ಆ ಮಹಾಶಯರಿಗೆ ತಿಳಿದಿದ್ದ ವಿದ್ಯೆ ಅಷ್ಟೇ. ಉಳಿದದ್ದಕ್ಕೆ ಬೆತ್ತವಿತ್ತು, ನಶ್ಯವಿತ್ತು, ಮಧ್ಯಾಹ್ನದ ನಿದ್ದೆಯಿತ್ತು...

ತಂಗಿಗೆ ಇಪ್ಪತ್ತರವರೆಗೂ ಮಗ್ಗಿ ಬಾಯಿಪಾಠ. ಆದರೆ ನಿನ್ನೆ ತಿದ್ದಿದ ಅಕ್ಷರ ಇವತ್ತು ಅವಳಿಗೆ ಹೊಸದು. ಪಾಟಿಯ ಮೇಲೆ ಬರೆದದ್ದೆಲ್ಲ ತಿರುವುಮುರುವು. ಹಾಗಾಗಿ ಮನೆಯಲ್ಲಿ ನಾನು ಪಾಠ ಓದುತ್ತಿದ್ದೆ, ಅವಳು ಒಮ್ಮೆ ಕೇಳಿ ಪೂರ್ತಿ ನೆನಪಿಟ್ಟುಕೊಳ್ಳುತ್ತಿದ್ದಳು.

ಎರಡನೇ ಇಯತ್ತೆಯಲ್ಲಿ ಒಂದು ದಿನ ಅವಳು ಸಾಲಿನ ಮೇಲೆ ಬೆರಳಿಟ್ಟು ಓದುತ್ತಿದ್ದಾಗ ಮಾಸ್ತರು ಅಂಗೈಯಿಂದ ಪುಸ್ತಕ ಮುಚ್ಚಿದರು. ಪಾಪ, ಅವಳು ನಿಲ್ಲಿಸಲಿಲ್ಲ, ನೆನಪಿನಿಂದಲೇ ಹೇಳುತ್ತ ಹೋದಳು. ಎಲ್ಲರೂ ನಕ್ಕರು. ನಮ್ಮದು ಒಂದೇ ಕೋಣೆಯ ಶಾಲೆ, ನಾಲ್ಕನೇ ಇಯತ್ತೆಯ ಸಾಲಿನಲ್ಲಿದ್ದ ನಾನೂ ನಕ್ಕೆ.

ಮಾಸ್ತರು ಅವ್ವನನ್ನು ಕರೆಸಿದರು. "ಕಳ್ಳಿ ಅದಾಳ ನಿನ್ನ ಮಗಳು. ಓದಿದಂಗ ನಾಟಕ ಮಾಡ್ತಾಳ. ನಿಂಬಿ ತ್ವಾಟಕ್ಕ ಹಚ್ಚು."

"ಒಮ್ಮೆ ಕೇಳಿದ್ದು ಮರಿಯಂಗಿಲ್ರಿ ಇಕಿ. ಅಕ್ಷರ ಕಂಡ್ರ ಅಷ್ಟ ತಡವರಸ್ತಾಳ. ಏನೋ ಬ್ಯಾರೆ ತ್ರಾಸ ಐತ್ರಿ," ಅಂದಳು ಅವ್ವ.

"ಹೆಬ್ಬೆಟ್ಟು ಒತ್ತಾಕಿ ನೀ, ನನಗ ಕಲಸಾಕ ಬಂದಿಯೇನು?"

ಅವ್ವನಿಗೆ ಕಂಡದ್ದು ಟ್ರೇನಿಂಗ್ ಮುಗಿಸಿದ ಪಂಡಿತರಿಗೆ ಕಾಣಲಿಲ್ಲ. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು. ಹಾಜರಿಯಿಂದ ಹೆಸರು ಹೊಡೆದರು, ಮರುದಿನವೇ ತಂಗಿ ನಿಂಬೆಹಣ್ಣು ಆರಿಸಲು ಹೋದಳು. ಆಮೇಲೆ ಅವಳು ಶಾಲೆಯ ಮಾತನ್ನೇ ಎತ್ತಲಿಲ್ಲ... ಮಾಸ್ತರು ನಿವೃತ್ತರಾದಾಗ ಊರು ಅವರಿಗೆ ಶಾಲು ಹೊದಿಸಿತು. ಎಷ್ಟು ಮಕ್ಕಳನ್ನು ಮನೆಗೆ ಅಟ್ಟಿದ್ದರೆಂದು ಯಾರೂ ಕೇಳಲಿಲ್ಲ.

ಮೊನ್ನೆ ಟೀಚರ್ ನಮ್ಮನ್ನು ಒಳಗೆ ಕರೆದರು. "ಹುಡುಗಿ ಭಾಳ ಶಾಣ್ಯಾಕಿ ಅದಾಳ್ರಿ. ಅಕ್ಷರ ಅಷ್ಟ ಗುರುತು ಸಿಗವಲ್ಲವು. ಇಂಥಾ ಮಕ್ಕಳಿಗೆ ಕಲಸೂ ರೀತಿನೇ ಬ್ಯಾರೆ ಐತಿ. ಕಲಸ್ತೇವಿ, ಚಿಂತಿ ಮಾಡಬ್ಯಾಡ್ರಿ."

ಹೊರಗೆ ಬಂದ ಮೇಲೆ ತಂಗಿ ನನ್ನ ಸೆರಗು ಹಿಡಿದು ಮೆಲ್ಲಗೆ ಕೇಳಿದಳು: "ಅಕ್ಕಾ, ನನಗೂ ಕಲಸ್ತಾರೇನು?"

ಅರವತ್ತರ ಹತ್ತಿರ ಇದ್ದಾಳೆ ಅವಳು.