ನುಂಗಬಾರದಿದ್ದ ರೊಟ್ಟಿಯ ಚೂರು

ಚಹಾ ಮೂಗಿನಿಂದ ಹೊರಗೆ ಬಂತು.

ಮಕ್ಕಳೇ, ನಿಮ್ಮ ಅಜ್ಜಿಯ ಕಾಯಿಲೆ ಶುರುವಾದದ್ದು ಹೀಗೆ. ಬೆಳಿಗ್ಗೆ ಪಕ್ಕದ ಮನೆಯ ಗಂಗವ್ವನ ಕಟ್ಟೆಯ ಮೇಲೆ ಕುಳಿತಿದ್ದೆ. ಒಂದು ಗುಟುಕು ಕುಡಿದೆ. ಗಂಟಲು ಅದನ್ನು ಒಳಗೆ ಬಿಡಲಿಲ್ಲ.

"ಏ ರೂತವ್ವಾ, ಚಾ ಕುಡಿಯೂದೂ ಮರತಿ ಏನ?" ಎಂದು ಗಂಗವ್ವ ನಕ್ಕಳು.

ನಾನೂ ನಗಲು ಹೋದೆ. ಬಾಯಿ ಒಂದು ಕಡೆಗೆ ಎಳೆಯಿತು. ಅವಳ ನಗು ನಿಂತಿತು.

ಈಗಲೂ ನನ್ನ ಮಾತು ನಿಮಗೆ ಸರಿಯಾಗಿ ತಿಳಿಯುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಕಿತ್ತೂರಿನಿಂದ ನನ್ನನ್ನು ಬೆಳಗಾವಿಗೆ ಕರೆದೊಯ್ದರು. ಸ್ಟ್ರೋಕ್ ಎಂದರು. ಕೈಕಾಲು ಉಳಿದಿದ್ದವು. ನಾಲಿಗೆ ಮತ್ತು ಗಂಟಲು ಹೋಗಿದ್ದವು. ಮೂಗಿನಿಂದ ಹೊಟ್ಟೆಗೆ ಟ್ಯೂಬ್ ಹಾಕಿ ಮನೆಗೆ ಕಳಿಸುವಾಗ ಡಾಕ್ಟರು ಎಲ್ಲರನ್ನೂ ನಿಲ್ಲಿಸಿ ಹೇಳಿದರು: "ಬಾಯಿಂದ ಒಂದು ಹನಿ ನೀರೂ ಹಾಕಬ್ಯಾಡ್ರಿ. ಶ್ವಾಸಕೋಶಕ್ಕ ಹೋದರ ನ್ಯುಮೋನಿಯಾ ಆಗ್ತದ. ಜೀವಕ್ಕ ಅಪಾಯ."

ನಿಮ್ಮ ಅಪ್ಪನಿಗೆ ಎಂ.ಕೆ. ಹುಬ್ಬಳ್ಳಿಯ ಸಕ್ಕರೆ ಕಾರ್ಖಾನೆಯಲ್ಲಿ ಹಂಗಾಮಿನ ಕೆಲಸ. ಅವ್ವನಿಗೆ ಅಂಗನವಾಡಿ. ಹಗಲೆಲ್ಲ ನನ್ನನ್ನು ನೋಡಿಕೊಂಡವಳು ಗಂಗವ್ವ. ನಮ್ಮ ಚರ್ಚಿನ ಸಭೆಯಲ್ಲಿ ಯಾರಾದರೂ ಕಾಯಿಲೆ ಬಿದ್ದು ಮಲಗಿದರೆ ಗಂಜಿ ಒಯ್ಯುತ್ತಿದ್ದವಳು ನಾನು. ನಾಚಿಕೆಯಿಂದ ಬಾಗಿಲಲ್ಲೇ ಇಟ್ಟು ಬರುತ್ತಿದ್ದೆ. ಕೊಡುವವರು ಹಾಗೆ ಬಾಗಿಲಿಂದಲೇ ತಿರುಗಿ ಬರಬಹುದು. ಮಲಗಿದವರಿಗೆ ತಿರುಗಿ ಹೋಗಲು ಬಾಗಿಲೇ ಇರುವುದಿಲ್ಲ. ನನ್ನ ಬಾಯಿಂದ ಜೊಲ್ಲು ಸುರಿಯುತ್ತಿತ್ತು. ಗಂಗವ್ವ ತನ್ನ ಸೆರಗಿನಿಂದ ಒರೆಸುತ್ತಿದ್ದಳು. ನಾನು ಕಣ್ಣು ಮುಚ್ಚಿಕೊಳ್ಳುತ್ತಿದ್ದೆ.

ಒಂದು ಭಾನುವಾರ ಆರಾಧನೆ ಮುಗಿಸಿ ನಮ್ಮ ಸಭಾಪಾಲಕರಾದ ಅಯ್ಯನವರು ಮನೆಗೆ ಬಂದರು. ಗುಡಿಗೆ ಬರಲಾಗದವರಿಗೆ ಕರ್ತನ ಭೋಜನವನ್ನು, ಯೇಸುವಿನ ನೆನಪಿನ ರೊಟ್ಟಿ ಮತ್ತು ದ್ರಾಕ್ಷಾರಸವನ್ನು, ಮನೆಗೇ ತರುವುದು ನಮ್ಮಲ್ಲಿ ರೂಢಿ. ಅಪ್ಪ ಡ್ಯೂಟಿಯಲ್ಲಿದ್ದ. ಅವ್ವ ನಿಮ್ಮನ್ನು ಕರೆದುಕೊಂಡು ಇನ್ನೂ ಗುಡಿಯಿಂದ ಬಂದಿರಲಿಲ್ಲ. ಅಯ್ಯನವರು ಬೈಬಲ್ ತೆರೆದದ್ದನ್ನು ಕಂಡು ಗಂಗವ್ವ ತಲೆಯ ಮೇಲೆ ಸೆರಗು ಎಳೆದುಕೊಂಡು ಎದ್ದಳು.

"ನಿಮ್ಮ ದೇವರ ಕೆಲಸ ನಡೀಲ್ರಿ. ನಾ ಹೊರಗ ನಿಂದರತೇನಿ."

ಗೌರವಕ್ಕಾಗಿ ಹೊರಗೆ ಹೋದಳು.

ಅಯ್ಯನವರು ಹೊಸಬರು, ಸಣ್ಣ ವಯಸ್ಸು. ಡಾಕ್ಟರ ಮಾತು ಅವರಿಗೆ ಗೊತ್ತಿರಲಿಲ್ಲ. ಟ್ಯೂಬ್ ನೋಡಿ ತುಸು ತಡೆದರು. ಆಮೇಲೆ ರೊಟ್ಟಿಯ ಒಂದು ಚೂರನ್ನು ದ್ರಾಕ್ಷಾರಸದಲ್ಲಿ ನೆನೆಸಿ ತುಟಿಯ ಹತ್ತಿರ ಹಿಡಿದರು. ನನಗೆ ಗೊತ್ತಿತ್ತು. ಆದರೆ ಕರ್ತನ ಭೋಜನಕ್ಕೆ ಬೇಡ ಎಂದು ತಲೆ ಅಲ್ಲಾಡಿಸುವುದು ಹೇಗೆ? ಡಾಕ್ಟರು ಬೇಡ ಎಂದದ್ದು ಊಟ, ಇದು ಊಟವಲ್ಲ ಎಂದುಕೊಂಡೆ.

ಬಾಯಿ ತೆರೆದೆ.

ಕೆಮ್ಮು ಹತ್ತಿತು. ನಿಲ್ಲಲಿಲ್ಲ. ಸಂಜೆಗೆ ಜ್ವರ, ಮರುದಿನ ಐ.ಸಿ.ಯು. ಉಸಿರು ಎಳೆದರೆ ಒಳಗೆ ಬರುತ್ತಿರಲಿಲ್ಲ. ಮುಖಕ್ಕೆ ಆಕ್ಸಿಜನ್ ಮಾಸ್ಕ್. ಪ್ರಾರ್ಥನೆ ಮಾಡಲು ನೋಡಿದೆ. ಚಿಕ್ಕಂದಿನಿಂದ ಬಾಯಿಪಾಠವಾಗಿದ್ದ, ಯೇಸು ಕಲಿಸಿದ ಪ್ರಾರ್ಥನೆ ಅನ್ನ ಬೇಡುವ ಸಾಲಿಗೆ ಬಂದು ನಿಲ್ಲುತ್ತಿತ್ತು. ಮುಂದೆ ಹೋಗುತ್ತಿರಲಿಲ್ಲ. ಮತ್ತೆ ಮೊದಲಿನಿಂದ ಹಿಡಿಯುತ್ತಿದ್ದೆ, ಮತ್ತೆ ಅಲ್ಲಿಗೇ ಬಂದು ನಿಲ್ಲುತ್ತಿದ್ದೆ.

ವಾರ್ಡಿಗೆ ತಂದ ಮೇಲೆ ಗಂಗವ್ವ ಬಂದು ಪಾದ ಹಿಡಿದು ಕುಳಿತಳು. "ನಾ ಒಳಗ ಇರಬೇಕಿತ್ತವ್ವಾ. ಹೊರಗ ಯಾಕ ಹೋದ್ನಿ?" ಅದನ್ನೇ ಹೇಳುತ್ತಿದ್ದಳು. ಅಯ್ಯನವರೂ ಬಂದರು. ಮಂಚದ ಕಾಲ ಬಳಿ ನಿಂತರು. ಹತ್ತಿರ ಬರಲಿಲ್ಲ. "ನನ್ನಿಂದ ಆತ್ರೀ ಅಮ್ಮಾ" ಎಂದರು, ಅಷ್ಟೇ.

ಇಬ್ಬರದೂ ತಪ್ಪಲ್ಲ, ಬಾಯಿ ತೆರೆದವಳು ನಾನು ಎಂದು ಹೇಳಬೇಕಿತ್ತು. ನಾಲಿಗೆ ಹೊರಳಲಿಲ್ಲ. ಕೈ ಎತ್ತಿದರೆ ಸಲೈನಿನ ಸೂಜಿ ಎಂದು ನರ್ಸಮ್ಮ ಕೆಳಗೆ ಇಡಿಸಿದರು. ಸಾಯುವ ಭಯಕ್ಕಿಂತ ಅದೇ ಹೆಚ್ಚು ಸುಟ್ಟಿತು. ನನ್ನ ಎದುರಿಗೆ ಇಬ್ಬರು ನೋಯುತ್ತಿದ್ದಾರೆ, ಒಂದು ಮಾತು ಸಾಕು, ಆ ಒಂದು ಮಾತು ನನ್ನಲ್ಲಿ ಇಲ್ಲ.

ಕಣ್ಣೀರು ಮಾತ್ರ ಬಂತು. ಅವರು ಅದನ್ನು ಬೇರೆಯೇ ತಿಳಿದುಕೊಂಡರು.

ಗಂಗವ್ವ ಮೂಗು ಒರೆಸಿಕೊಂಡು ಅಯ್ಯನವರ ಕಡೆಗೆ ತಿರುಗಿದಳು.

"ಅಯ್ಯಗೋಳ, ಬಾಯಿ ಬಿದ್ದದ್ದು ಆಕೀದು. ನಿಮ್ಮ ಬಾಯಿಗೇನಾಗೇತ್ರಿ? ಪ್ರಾರ್ಥನಾ ಮಾಡ್ರಿ."

"ನನ್ನಿಂದ ಆಗವಲ್ದು ಗಂಗವ್ವಾರ."

"ಹಂಗಾದ್ರ ನನಗ ಹೇಳಿಕೊಡ್ರಿ. ನಾ ಅಂತೇನಿ. ನಿಮ್ಮ ಯೇಸಪ್ಪಗ ನನ್ನ ಮಾತು ತಿಳೀತದಲ್ಲ?"

ಅಯ್ಯನವರು ಅಳುತ್ತಲೇ ನಕ್ಕರು. ಒಂದೊಂದೇ ಮಾತು ಹೇಳಿಕೊಟ್ಟರು, ಗಂಗವ್ವ ಹಿಂದೆ ಹಿಂದೆ ಅಂದಳು. ಅನ್ನ ಬೇಡುವ ಸಾಲು ಅವಳ ಬಾಯಿಂದ ದಾಟಿ ಮುಂದೆ ಹೋಯಿತು. ನಮ್ಮ ತಪ್ಪುಗಳ ಸಾಲ ಮನ್ನಿಸು ಎನ್ನುವ ಮಾತೂ ಬಂತು. ಅಲ್ಲಿ ಅವಳ ದನಿ ಒಡೆಯಿತು.

ಬದುಕಿ ಮನೆಗೆ ಬಂದೆ. ಹೇಗೆ ಎಂದು ಕೇಳಿದರೆ ನನಗೆ ಗೊತ್ತಿಲ್ಲ. ಔಷಧ ಕೊಟ್ಟವರು, ಪ್ರಾರ್ಥಿಸಿದವರು, ಕಫ ಬಿಡಲೆಂದು ಎಬ್ಬಿಸಿ ಕೂಡಿಸಿ ಬೆನ್ನು ತಟ್ಟಿದವರು, ಇವರಲ್ಲಿ ಯಾರಿಂದ ಎಷ್ಟಾಯಿತು ಎಂದು ಬೇರೆ ಮಾಡಿ ಹೇಳುವಷ್ಟು ತಿಳುವಳಿಕೆ ನನಗಿಲ್ಲ.

ಹೋದ ಭಾನುವಾರ ಅಯ್ಯನವರು ಮತ್ತೆ ಬಂದಿದ್ದರು. ಗಂಗವ್ವ ಈ ಸಲ ಹೊರಗೆ ಹೋಗಲಿಲ್ಲ, ನನ್ನ ಪಕ್ಕದಲ್ಲೇ ಕುಳಿತಳು. ಅಯ್ಯನವರು ರೊಟ್ಟಿಯ ಚೂರನ್ನು ನನ್ನ ಅಂಗೈಯಲ್ಲಿ ಇಟ್ಟರು. ಪ್ರಾರ್ಥನೆ ಮುಗಿಯುವವರೆಗೆ ಹಿಡಿದುಕೊಂಡಿದ್ದೆ. ಆಮೇಲೆ ಅವರು ಅದನ್ನು ತೆಗೆದುಕೊಂಡು, ನನ್ನನ್ನೇ ನೋಡುತ್ತ, ನನ್ನ ಪರವಾಗಿ ತಾವು ತಿಂದರು.

ಟ್ಯೂಬ್ ಈಗ ಇಲ್ಲ. ಗಟ್ಟಿ ಗಂಜಿ ಚಮಚದಲ್ಲಿ ಇಳಿಯುತ್ತದೆ. ನೀರು ತೆಳುವಾದ್ದರಿಂದ ಉಸಿರಿನ ದಾರಿಗೆ ಜಾರುತ್ತದೆ, ಅದು ಇನ್ನೂ ಇಲ್ಲ. ಮುಂದೆ ಕುಡಿಯಲು ಬರುತ್ತದೋ ಇಲ್ಲವೋ, ಡಾಕ್ಟರೂ ಹೇಳುವುದಿಲ್ಲ.

ನೀವು ನೀರು ಕುಡಿಯಲು ಅಡುಗೆಮನೆಯ ಬಾಗಿಲ ಹಿಂದೆ ಹೋಗುವುದನ್ನು ನೋಡಿದ್ದೇನೆ. ಹಾಗೆ ಮಾಡಬೇಡಿ, ನನ್ನ ಎದುರಿಗೇ ಕುಡಿಯಿರಿ. ಅದು ನಿಮ್ಮ ಗಂಟಲಲ್ಲಿ ಸಲೀಸಾಗಿ ಇಳಿಯುವುದನ್ನು ನೋಡುವುದು ನನಗೆ ಬೇಕು.